ಮಾತಿಗೊಂದು ಕಟ್ಟುಪಾಡು

ನಾಲ್ಕು ಜನ ಸೇರಿದ ಕಡೆ ನಾಲ್ಕು ಅಭಿಪ್ರಾಯಗಳಿರುವುದು ಸಹಜ. ಆ ನಾಲ್ಕೂ ಎದುರುಬದುರಾಗಿ ನಿಂತು, ಒಂದನ್ನೊಂದು ಒರೆಗೆ ಹಚ್ಚಿ, ಕೇಳುವವರಿಗೆ ಬೆಳಕು ಕೊಡುವುದು ಮಾತ್ರ ಅಪರೂಪ. ಊರಿನ ಸಂಘಗಳಲ್ಲಿ, ವಾಚನಾಲಯಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ 'ಚರ್ಚಾಕೂಟ'ವೆಂದು ಕರಪತ್ರ ಅಚ್ಚಾಗುತ್ತದೆ. ಹೋಗಿ ಕುಳಿತರೆ ಬಹುಮಟ್ಟಿಗೆ ಎರಡರಲ್ಲಿ ಒಂದು ನಡೆಯುತ್ತದೆ. ಒಬ್ಬರಾದ ಮೇಲೊಬ್ಬರು ಬಾಯಿಪಾಠ ಮಾಡಿದ ಭಾಷಣ ಒಪ್ಪಿಸಿ ಕುಳಿತುಕೊಳ್ಳುತ್ತಾರೆ. ಇಲ್ಲವೆ ಮೂರನೆಯವರು ಎದ್ದುನಿಲ್ಲುವ ಹೊತ್ತಿಗೆ ದನಿ ಏರಿ, ಮಾತು ವಿಷಯವನ್ನು ಬಿಟ್ಟು ಮನೆತನಗಳಿಗೆ ಹೋಗಿ, ಅಧ್ಯಕ್ಷರು ಕೈಮುಗಿದು ವಂದನಾರ್ಪಣೆಗೆ ಕರೆಯುತ್ತಾರೆ. ಮೊದಲನೆಯದರಲ್ಲಿ ಚರ್ಚೆಯೇ ಇಲ್ಲ. ಎರಡನೆಯದರಲ್ಲಿ ಸಭೆಯೇ ಉಳಿಯುವುದಿಲ್ಲ.

ಇದರಿಂದಾಗುವ ನಷ್ಟ ಅಂದಿನ ಸಂಜೆಗೆ ಮುಗಿಯುವಂಥದಲ್ಲ. ಇಬ್ಬರು ನೆರೆಯವರು ಮಾತು ಬಿಡುತ್ತಾರೆ. ಮುಂದಿನ ವರ್ಷ ಕಾರ್ಯದರ್ಶಿಗಳು 'ಈ ಗೊಡವೆಯೇ ಬೇಡ' ಎಂದು ಸಂಗೀತದ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರೆ. ಸಂಗೀತ ಒಳ್ಳೆಯದೇ. ಆದರೆ ಊರಿನ ಜನ ಒಟ್ಟಿಗೆ ಕುಳಿತು ಯೋಚಿಸಬೇಕಾದ ಪ್ರಶ್ನೆಗಳು ಆಮೇಲೆ ಒಂದೊಂದು ಜಗಲಿಯಲ್ಲಿ, ಒಂದೇ ಮನಸ್ಸಿನವರ ನಡುವೆ, ಪಿಸುಮಾತಿನಲ್ಲಿ ತೀರ್ಮಾನವಾಗತೊಡಗುತ್ತವೆ. ಎದುರು ಪಕ್ಷದವರು ನಿಜವಾಗಿ ಏನು ಹೇಳುತ್ತಾರೆಂಬುದು ಯಾರಿಗೂ ತಿಳಿಯದೆ ಹೋಗುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ. ಅಲ್ಲಿರುವ 'ಬಲ್ಲ' ಎಂಬ ಮಾತನ್ನು ಗಮನಿಸಬೇಕು. ಸಾಧು ಸ್ವಭಾವದವನಿಗೆ ಜಗಳವಿಲ್ಲವೆಂದು ಗಾದೆ ಹೇಳಲಿಲ್ಲ. ಬಲ್ಲವನಿಗೆ ಇಲ್ಲ ಎಂದಿತು. ಸೌಜನ್ಯವೆಂಬುದು ಸ್ವಭಾವದಿಂದ ಬರುವುದುಂಟು, ಆದರೆ ಸಭೆಯಲ್ಲಿ ಅದು ಹೆಚ್ಚಾಗಿ ಏರ್ಪಾಡಿನಿಂದ ಬರುತ್ತದೆ. ಕಬಡ್ಡಿಯ ಅಂಕಣದಲ್ಲಿ ನಡುಗೆರೆಯನ್ನು ಸರಿಯಾಗಿ ಎಳೆಯದಿದ್ದರೆ ಎಂಥ ಒಳ್ಳೆಯ ಹುಡುಗರೂ ಕಿತ್ತಾಡುತ್ತಾರೆ. ಗೆರೆ ಎಳೆದರೆ ಅದೇ ಹುಡುಗರು ಆಡಿ, ಬೆವರು ಒರೆಸಿಕೊಂಡು, ಹೆಗಲ ಮೇಲೆ ಕೈ ಹಾಕಿ ಮನೆಗೆ ಹೋಗುತ್ತಾರೆ. ಚರ್ಚೆಗೂ ಅಂಥ ಗೆರೆಗಳು ಬೇಕು.

ನಮ್ಮ ಹಿರಿಯರು ಈ ಗೆರೆಗಳನ್ನು ಬಲು ಎಚ್ಚರದಿಂದ ಎಳೆದಿದ್ದರು. ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರಗಳು ವಿಚಾರದ ಮಾತುಕತೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತವೆ. ನಿಜ ತಿಳಿಯಬೇಕೆಂಬ ಆಸೆಯಿಂದ ಇಬ್ಬರು ಪ್ರಮಾಣಗಳನ್ನು ಮುಂದಿಟ್ಟು ಮಾತನಾಡಿದರೆ ಅದು ವಾದ. ಹೇಗಾದರೂ ಗೆಲ್ಲಬೇಕೆಂದು ಮಾತಿನ ಉಪಾಯಗಳನ್ನೆಲ್ಲ ಬಳಸಿದರೆ ಅದು ಜಲ್ಪ. ತನ್ನದೆಂದು ಒಂದು ಪಕ್ಷವನ್ನೂ ನಿಲ್ಲಿಸದೆ ಎದುರಿನವನದನ್ನು ಮುರಿಯುವುದೇ ಕೆಲಸವಾದರೆ ಅದು ವಿತಂಡ. 'ಸುಮ್ಮನೆ ವಿತಂಡವಾದ ಮಾಡಬೇಡ' ಎಂದು ಅಡುಗೆಮನೆಯಲ್ಲಿ ಮಗನನ್ನು ಗದರಿಸುವ ತಾಯಿ ತನಗೆ ತಿಳಿಯದೆಯೇ ನ್ಯಾಯಶಾಸ್ತ್ರದ ಪರಿಭಾಷೆಯನ್ನು ಬಳಸುತ್ತಿರುತ್ತಾಳೆ.

ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ವೈದ್ಯರು ತಮ್ಮತಮ್ಮಲ್ಲಿ ಹೇಗೆ ಚರ್ಚಿಸಬೇಕೆಂಬುದನ್ನು ವಿಸ್ತಾರವಾಗಿ ಹೇಳಿದೆ. ಕೂಡಿ ಮಾತನಾಡುವುದು ಸಂಧಾಯ ಸಂಭಾಷೆ; ಸೆಣಸಿ ಮಾತನಾಡುವುದು ವಿಗೃಹ್ಯ ಸಂಭಾಷೆ. ಮೊದಲನೆಯ ಬಗೆಯಲ್ಲಿ ಅಂಜದೆ ಕೇಳಬೇಕು, ಅಂಜದೆ ಹೇಳಬೇಕು. ಸೋತೇನೆಂದು ಕಳವಳಪಡಬಾರದು, ಎದುರಿನವನು ಸೋತನೆಂದು ಹಿಗ್ಗಬಾರದು, ಹೊರಗೆ ಹೋಗಿ ಜಂಬ ಕೊಚ್ಚಿಕೊಳ್ಳಬಾರದು. ರೋಗಿಯ ಪ್ರಾಣ ಕೈಯಲ್ಲಿರುವವರಿಗೆ ಹೇಳಿದ ಮಾತಿದು. ವೈದ್ಯರು ತಮ್ಮ ಹಟಕ್ಕಾಗಿ ವಾದಿಸಿದರೆ ಸಾಯುವವನು ರೋಗಿ. ಊರಿನ ಪ್ರಮುಖರು ಹಟಕ್ಕಾಗಿ ವಾದಿಸಿದರೆ ಕೆಡುವುದು ಊರು.

ನ್ಯಾಯಸೂತ್ರಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮಾತುಗಾರ ಸೋತನೆಂದು ತೀರ್ಮಾನಿಸಬಹುದಾದ 22 ಎಡೆಗಳನ್ನು ಅಲ್ಲಿ ಪಟ್ಟಿಮಾಡಿದ್ದಾರೆ. ಅವುಗಳಿಗೆ ನಿಗ್ರಹಸ್ಥಾನಗಳೆಂದು ಹೆಸರು. ಹಿಡಿದ ವಿಷಯವನ್ನು ಬಿಟ್ಟು ಬೇರೆ ಮಾತಿಗೆ ಹೋಗುವುದು ಅರ್ಥಾಂತರ. ಹೇಳಿದ್ದನ್ನೇ ಹೇಳುವುದು ಪುನರುಕ್ತ. 'ನನಗೆ ತುರ್ತು ಕೆಲಸವಿದೆ' ಎಂದು ನೆಪ ಹೇಳಿ ನಡುವೆ ಎದ್ದುಹೋಗುವುದು ವಿಕ್ಷೇಪ. ತನ್ನ ಮೇಲೆ ಬಂದ ಆಕ್ಷೇಪಣೆಯನ್ನು ಪರಿಹರಿಸದೆ 'ನಿನ್ನ ಪಕ್ಷದಲ್ಲೂ ಅದೇ ದೋಷವಿಲ್ಲವೆ?' ಎನ್ನುವುದು ಮತಾನುಜ್ಞೆ. ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ಅರ್ಥವಾಗದಂತೆ ಮಾತನಾಡುವುದು ಅವಿಜ್ಞಾತಾರ್ಥ. ಪಾಂಡಿತ್ಯ ತೋರಿಸುವ ನಮ್ಮಂಥವರಿಗೆ ಇದೊಂದು ಎಚ್ಚರಿಕೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಅನನುಭಾಷಣ: ಎದುರಾಳಿ ಮೂರು ಸಲ ಹೇಳಿ, ಸಭೆಗೆ ಅರ್ಥವಾದ ಮೇಲೂ, ಅವನ ಮಾತನ್ನು ಅನುವಾದಿಸಿ ಹೇಳಲಾರದೆ ಹೋಗುವುದು. ಎದುರು ಪಕ್ಷವನ್ನು ಸರಿಯಾಗಿ ಹೇಳಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲವೆಂಬುದು ಇದರ ತಾತ್ಪರ್ಯ. ನಮ್ಮ ಶಾಸ್ತ್ರಗ್ರಂಥಗಳು ಪೂರ್ವಪಕ್ಷವನ್ನು ಮೊದಲು ಹೇಳಿ ಸಿದ್ಧಾಂತವನ್ನು ಆಮೇಲೆ ಹೇಳುವುದು ಇದೇ ಕಾರಣಕ್ಕೆ.

ಮಾತಿನಲ್ಲಿ ಮಾಡುವ ಮೋಸಕ್ಕೆ ಛಲವೆಂದು ಹೆಸರು. ಅದಕ್ಕೆ ಹಳೆಯ ಉದಾಹರಣೆಯೊಂದುಂಟು. 'ಈ ಹುಡುಗನದು ನವಕಂಬಲ' ಎಂದು ಒಬ್ಬನು, ಹೊಸ ಕಂಬಳಿ ಎಂಬರ್ಥದಲ್ಲಿ, ಹೇಳುತ್ತಾನೆ. ಎದುರಿನವನು 'ಎಲ್ಲಿದೆ ಒಂಬತ್ತು ಕಂಬಳಿ? ಇರುವುದು ಒಂದೇ' ಎಂದು ನಗುತ್ತಾನೆ. ಸಭೆಯೂ ನಗುತ್ತದೆ. ಆದರೆ ಕಂಬಳಿಯ ವಿಷಯ ಇದ್ದಲ್ಲೇ ಇರುತ್ತದೆ. ನಮ್ಮ ಚರ್ಚೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಎಷ್ಟೋ ಮಾತುಗಳು ಈ ಒಂಬತ್ತು ಕಂಬಳಿಯ ಜಾತಿಯವು.

ಈಚಿನ ಕಾಲದ ಸಭಾನಿಯಮಗಳು ಬೇರೆ ದಾರಿಯಿಂದ ಇದೇ ಗುರಿಗೆ ಬಂದುವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1815ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ 1823ರಲ್ಲಿ ವಿದ್ಯಾರ್ಥಿಗಳ ಚರ್ಚಾಸಂಘಗಳು ಹುಟ್ಟಿ, ಪಾರ್ಲಿಮೆಂಟಿನ ಪದ್ಧತಿಯನ್ನು ತಾವೂ ಅನುಸರಿಸಿದುವು. ಅಮೆರಿಕದಲ್ಲಿ ಹೆನ್ರಿ ರಾಬರ್ಟ್ ಎಂಬ ಸೈನ್ಯದ ಎಂಜಿನಿಯರನನ್ನು 1863ರಲ್ಲಿ ಇದ್ದಕ್ಕಿದ್ದಂತೆ ಒಂದು ಸಭೆಗೆ ಅಧ್ಯಕ್ಷನನ್ನಾಗಿ ಕೂರಿಸಿದರು. ಸಭೆ ನಡೆಸುವ ಕ್ರಮ ಗೊತ್ತಿಲ್ಲದೆ ಆತ ಪೇಚಿಗೆ ಸಿಕ್ಕಿದ. ಆ ಪೇಚಾಟದಿಂದಲೇ ಆತ ಸಭಾನಿಯಮಗಳನ್ನು ಅಭ್ಯಾಸ ಮಾಡಿ 1876ರಲ್ಲಿ ಪ್ರಕಟಿಸಿದ ಕೈಪಿಡಿ ಸಂಘಸಂಸ್ಥೆಗಳಲ್ಲಿ ಬಹುಕಾಲ ಬಾಳಿದೆ. ಈ ಪದ್ಧತಿಗಳ ತಿರುಳು ಇಷ್ಟೆ: ಒಂದು ಹೊತ್ತಿಗೆ ಒಂದೇ ಪ್ರಶ್ನೆ, ಒಬ್ಬರೇ ಮಾತುಗಾರರು, ಮಾತೆಲ್ಲವೂ ಅಧ್ಯಕ್ಷರನ್ನು ಉದ್ದೇಶಿಸಿ.

ಅಧ್ಯಕ್ಷರನ್ನು ಉದ್ದೇಶಿಸಿ ಏಕೆ ಮಾತನಾಡಬೇಕೆಂಬುದು ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಭಾಷೆಯಲ್ಲಿ ಜಗಳಕ್ಕೆ ಮೆಟ್ಟಿಲುಗಳಿವೆ. 'ತಾವು' ಇದ್ದದ್ದು 'ನೀವು' ಆಗುತ್ತದೆ, 'ನೀವು' ಇದ್ದದ್ದು 'ನೀನು' ಆಗುತ್ತದೆ. ಆಮೇಲೆ 'ಏನಯ್ಯಾ' ಬರುತ್ತದೆ. ಅಲ್ಲಿಂದ ಮುಂದಕ್ಕೆ ವ್ಯಾಕರಣದ ಸಹಾಯ ಬೇಕಾಗುವುದಿಲ್ಲ. 'ಅಧ್ಯಕ್ಷರೆ, ಹಿಂದೆ ಮಾತನಾಡಿದ ಸದಸ್ಯರು ಹೀಗೆಂದರು. ಅದು ಏಕೆ ಸರಿಯಲ್ಲವೆಂದರೆ' ಎಂದು ಪ್ರಥಮ ಪುರುಷದಲ್ಲಿ ಮಾತನಾಡಬೇಕೆಂದು ಕಟ್ಟುಮಾಡಿದರೆ ಮೊದಲ ಮೆಟ್ಟಿಲನ್ನೇ ತೆಗೆದುಹಾಕಿದಂತಾಯಿತು. ಇದು ಬರಿಯ ಉಪಚಾರವಲ್ಲ. ಮಾತು ಮನುಷ್ಯನಿಗೆ ತಾಕದೆ ವಿಚಾರಕ್ಕೆ ತಾಕುವಂತೆ ಇಟ್ಟ ತಡೆ.

ಇಂಥ ತಡೆಗಳು ನಿಜವಾದ ಬಿಸಿಯನ್ನು ತಾಳಿಯಾವೆ ಎಂದು ಕೇಳಬಹುದು. ನಮ್ಮ ಸಂವಿಧಾನ ಸಭೆಯನ್ನು ನೆನೆಯಬೇಕು. ಆ ಸಭೆ 9 ಡಿಸೆಂಬರ್ 1946ರಂದು ಮೊದಲು ಸೇರಿತು. ಸಂವಿಧಾನವನ್ನು 26 ನವೆಂಬರ್ 1949ರಂದು ಅಂಗೀಕರಿಸಿತು. ಕರಡಿಗೆ ಬಂದ ತಿದ್ದುಪಡಿಗಳು ಸುಮಾರು 7,635. ಅವುಗಳಲ್ಲಿ ಸಭೆಯ ಮುಂದೆ ಮಂಡಿತವಾದವು 2,473. ದೇಶ ಒಡೆದು, ರಕ್ತಪಾತವಾಗಿ, ನಿರಾಶ್ರಿತರು ಊರೂರು ತುಂಬಿದ್ದ ಕಾಲದಲ್ಲಿ ಅಷ್ಟು ಭಿನ್ನಾಭಿಪ್ರಾಯಗಳನ್ನು ಕೇಳಿ ಒಂದೊಂದನ್ನೇ ತೀರ್ಮಾನಿಸಿದರು.

17 ಅಕ್ಟೋಬರ್ 1949ರಂದು ಪ್ರಸ್ತಾವನೆಯ ಚರ್ಚೆ. ಅಧ್ಯಕ್ಷ ಪೀಠದಲ್ಲಿ ಬಾಬು ರಾಜೇಂದ್ರಪ್ರಸಾದರು. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಯಾವುದಿದ್ದೀತು? ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರು, ನಂಬಿಕೆಯ ವಿಷಯದಲ್ಲಿ ಇದು ಬಲವಂತವಾಗುತ್ತದೆಂದರು. ಹೃದಯನಾಥ ಕುಂಜ್ರು ಅವರು, ನಂಬಿಕೆಯ ಸ್ವಾತಂತ್ರ್ಯವನ್ನು ಸಾರುವ ಪ್ರಸ್ತಾವನೆಗೆ ಇದು ಹೊಂದದೆಂದರು. ಅಸ್ಸಾಮಿನ ರೋಹಿಣಿಕುಮಾರ ಚೌಧುರಿಯವರು, ದೇವರೆಂದರೆ ಸಾಲದು, ದೇವಿಯ ಹೆಸರೂ ಬೇಕೆಂದರು. ದೇವರ ಮೇಲೆ ಮತ ಹಾಕುವ ಸಂಕಟಕ್ಕೆ ನಮ್ಮನ್ನು ಗುರಿಮಾಡಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಕೇಳಿಕೊಂಡರು. ಕಾಮತರು ಒಪ್ಪಲಿಲ್ಲ. ಮತ ಎಣಿಸಿದರು: ಪರವಾಗಿ 41, ವಿರೋಧವಾಗಿ 68. ಕಾಮತರು ತಮ್ಮ ವ್ಯಥೆಯನ್ನು ಸಭೆಯಲ್ಲೇ ಹೇಳಿದರು. ಸಭೆ ಮುಂದಿನ ತಿದ್ದುಪಡಿಗೆ ಹೋಯಿತು.

ಕಾಮತರು ಸೋತರು, ಆದರೆ ಅವರ ಮಾತನ್ನು ಪೂರ್ತಿಯಾಗಿ ಕೇಳಿದ್ದರು, ಅದು ದಾಖಲೆಯಲ್ಲಿ ಉಳಿಯಿತು, ಅವರು ಸಭೆಯನ್ನು ಬಿಟ್ಟುಹೋಗಲಿಲ್ಲ. ಐದು ವಾರಗಳ ಮೇಲೆ, 25 ನವೆಂಬರ್‌ನಂದು, ಡಾ. ಅಂಬೇಡ್ಕರರು ಮುಕ್ತಾಯದ ಭಾಷಣದಲ್ಲಿ ಇದೇ ಕಾಮತರೇ ಮೊದಲಾದ ಭಿನ್ನಮತೀಯರಿಗೆ ಕೃತಜ್ಞತೆ ಹೇಳಿದರು. ಅವರು ಎತ್ತಿದ ಆಕ್ಷೇಪಣೆಗಳಿಂದಲೇ ಸಂವಿಧಾನದ ತತ್ತ್ವಗಳನ್ನು ವಿವರಿಸುವ ಅವಕಾಶ ತಮಗೆ ಸಿಕ್ಕಿತೆಂಬುದು ಅವರ ಅಭಿಪ್ರಾಯ. ನಿಯಮಗಳು ಗೆಲ್ಲುವವನಿಗಾಗಿ ಅಲ್ಲ. ಗೆಲ್ಲುವವನಿಗೆ ಸಂಖ್ಯೆಯ ಬಲ ಹೇಗೂ ಇದೆ. ನಿಯಮ ಸೋಲುವವನ ರಕ್ಷೆ. ತನ್ನ ಮಾತಿಗೆ ಮರ್ಯಾದೆ ಸಿಕ್ಕಿತೆಂದು ಮನವರಿಕೆಯಾದವನು ಸೋತರೂ ನಾಳೆ ಮತ್ತೆ ಸಭೆಗೆ ಬರುತ್ತಾನೆ.

ಇನ್ನು ನಮ್ಮ ಊರಿನ ಮಟ್ಟಕ್ಕೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೇಟೆಬೀದಿ ಇಕ್ಕಟ್ಟಾಗಿದೆ, ಅಂಗಡಿಯವರಿಗೆ ಅದನ್ನು ಅಗಲ ಮಾಡಿಸಬೇಕೆಂದಿದೆ, ಹಾಗೆ ಮಾಡಬೇಕಾದರೆ ಸಾಲುಮರಗಳನ್ನು ಕಡಿಯಬೇಕು. ಊರು ಎರಡಾಗಿದೆ. ಸಂಘದವರು ಚರ್ಚಾಕೂಟ ಏರ್ಪಡಿಸಬೇಕೆಂದಿದ್ದಾರೆ.

ಮೊದಲ ಕೆಲಸ ಗೊತ್ತುವಳಿಯನ್ನು ಬರೆಯುವುದು. 'ಪ್ರಗತಿ ಮತ್ತು ಪ್ರಕೃತಿ' ಎಂದು ವಿಷಯವಿಟ್ಟರೆ ಎಲ್ಲರೂ ಎರಡನ್ನೂ ಹೊಗಳಿ ಕುಳಿತುಕೊಳ್ಳುತ್ತಾರೆ. 'ಪೇಟೆಬೀದಿಯನ್ನು ಅಗಲಿಸಲು ಸಾಲುಮರಗಳನ್ನು ಕಡಿಯುವುದು ಉಚಿತ' ಎಂದು ಒಂದೇ ವಾಕ್ಯದಲ್ಲಿ, ಹೌದು ಅಥವಾ ಅಲ್ಲ ಎನ್ನುವಂತೆ ಬರೆಯಬೇಕು. ವಾಕ್ಯದಲ್ಲಿ ಯಾವ ವ್ಯಕ್ತಿಯ ಹೆಸರೂ, ಯಾವ ಜಾತಿಪಂಗಡದ ಹೆಸರೂ ಇರಬಾರದು. ಎರಡು ಕಡೆಗೂ ಬುದ್ಧಿವಂತರು ನಿಲ್ಲಬಹುದಾದ ಪ್ರಶ್ನೆಯೇ ಚರ್ಚೆಗೆ ಯೋಗ್ಯ. ಎದುರು ಕುಳಿತವನ ಮಾನವನ್ನೇ ಪ್ರಶ್ನಿಸುವ ಮಾತು ಗೊತ್ತುವಳಿಯಾಗಲಾರದು.

ಎರಡನೆಯದು, ಅಳತೆಯ ಪ್ರಶ್ನೆಗಳನ್ನೂ ತೀರ್ಮಾನದ ಪ್ರಶ್ನೆಗಳನ್ನೂ ಬೇರೆ ಮಾಡುವುದು. ಬೀದಿ ಎಷ್ಟು ಅಡಿ ಅಗಲ, ಮರಗಳು ಎಷ್ಟು ಎಂಬುದಕ್ಕೆ ಟೇಪು ಸಾಕು, ವಾಗ್ಮಿ ಬೇಡ. ಇವನ್ನು ಎರಡು ಪಕ್ಷದವರೂ ಒಟ್ಟಿಗೆ ಹೋಗಿ ಅಳೆದು ಒಂದು ಹಾಳೆಯಲ್ಲಿ ಬರೆದು ಸಭೆಯ ಮೊದಲಿಗೇ ಓದಿಬಿಟ್ಟರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಉಳಿದದ್ದು ನಿಜವಾದ ಪ್ರಶ್ನೆ: ನೆರಳು ಹೆಚ್ಚೋ, ದಾರಿ ಹೆಚ್ಚೋ?

ಮೂರನೆಯದು ಕಾಲ. ಪಕ್ಷಕ್ಕೆ ಇಬ್ಬರಂತೆ ನಾಲ್ವರು ಸಾಕು. ಅಧ್ಯಕ್ಷರ ಪ್ರಸ್ತಾವನೆಗೆ 4 ನಿಮಿಷ. ಮೊದಲಿಬ್ಬರಿಗೆ ತಲಾ 8, ಮುಂದಿನಿಬ್ಬರಿಗೆ ತಲಾ 6. ಆಮೇಲೆ ಸಭಿಕರಲ್ಲಿ ಹತ್ತು ಮಂದಿಗೆ ತಲಾ 2. ಕೊನೆಗೆ ಎರಡು ಪಕ್ಷಗಳ ಉತ್ತರಕ್ಕೆ ತಲಾ 4. ಒಟ್ಟು ಸರಿಯಾಗಿ 60 ನಿಮಿಷ. ಒಂದು ನಿಮಿಷ ಉಳಿದಾಗ ಒಂದು ಗಂಟೆ, ಕಾಲ ಮುಗಿದಾಗ ಎರಡು ಗಂಟೆ ಬಾರಿಸಬೇಕು. ಆ ಗಂಟೆ ಊರಿನ ದೊಡ್ಡ ಮನುಷ್ಯರಿಗೂ ಹೊಸದಾಗಿ ಬಂದ ಗುಮಾಸ್ತರಿಗೂ ಒಂದೇ ಸಮನಾಗಿ ಬಾರಿಸಬೇಕು. ಅದು ಒಬ್ಬರಿಗೆ ತಡೆದು ಬಾರಿಸಿತೆಂದರೆ ಉಳಿದ ನಿಯಮಗಳೆಲ್ಲ ಅಲ್ಲಿಗೆ ಸತ್ತವು.

ನಾಲ್ಕನೆಯದು ಅಧ್ಯಕ್ಷರು. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ವಾದ ನಡೆದಾಗ ಮಂಡನರ ಪತ್ನಿ ಉಭಯಭಾರತಿಯೇ ತೀರ್ಪುಗಾರಳಾದಳೆಂದು ಮಾಧವೀಯ ಶಂಕರದಿಗ್ವಿಜಯ ಕಾವ್ಯದ ಕಥೆ. ಇಬ್ಬರ ಕೊರಳಿಗೂ ಮಾಲೆ ಹಾಕಿ, ಯಾರ ಮಾಲೆ ಬಾಡುತ್ತದೋ ಅವರು ಸೋತಂತೆ ಎಂದಳಂತೆ. ಕೋಪದಿಂದ ಮೈ ಕಾದವನ ಮಾಲೆ ಮೊದಲು ಬಾಡುತ್ತದೆಂದು ಇದನ್ನು ವಿವರಿಸುವವರುಂಟು. ಒಂದು ಪಕ್ಷದವರ ಮನೆಯವಳೇ ಆಗಿದ್ದರೂ ಎರಡು ಪಕ್ಷಗಳಿಗೂ ಅವಳಲ್ಲಿ ನಂಬಿಕೆಯಿತ್ತು. ಅಧ್ಯಕ್ಷರಿಗೆ ಪದವಿಗಿಂತ ಈ ನಂಬಿಕೆ ಮುಖ್ಯ. ಅವರು ವಿಷಯದ ಬಗ್ಗೆ ತಮ್ಮ ಅಭಿಪ್ರಾಯವನ್ನು ಹೇಳಬಾರದು. ವಿಷಯ ಬಿಟ್ಟವರನ್ನು ವಿಷಯಕ್ಕೆ ತರಬೇಕು. ವ್ಯಕ್ತಿಯ ಮೇಲೆ ಹೋದ ಮಾತನ್ನು ಒಡನೆಯೇ ಹಿಂತೆಗೆಸಬೇಕು. ಮೊದಲ ಸಲವೇ ಮೆತ್ತಗೆ ತಡೆದರೆ ಮೂರನೆಯ ಸಲ ಕೂಗಬೇಕಾಗುವುದಿಲ್ಲ.

ಸಭಿಕರಿಗೆ ಅವಕಾಶ ಕೊಡುವಾಗ ಇನ್ನೊಂದು ಎಚ್ಚರ ಬೇಕು. ಕೈ ಎತ್ತುವವರು ಯಾವಾಗಲೂ ಅದೇ ಐದಾರು ಮಂದಿ. ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಹೂ ಮಾರುವ ಹೆಂಗಸಿಗೆ ಈ ಗೊತ್ತುವಳಿಯಿಂದ ಎಲ್ಲರಿಗಿಂತ ಹೆಚ್ಚು ಲಾಭನಷ್ಟವುಂಟು; ಅವಳು ಬಾಗಿಲ ಹತ್ತಿರ ನಿಂತಿರುತ್ತಾಳೆ. ಒಮ್ಮೆಯೂ ಮಾತನಾಡದವರಿಗೆ ಮೊದಲು, ಕಿರಿಯರಿಗೆ ಹಿರಿಯರಿಗಿಂತ ಮೊದಲು ಎಂಬ ನಿಯಮವನ್ನಿಟ್ಟರೆ ಅವಳ ಮಾತೂ ಸಭೆಗೆ ಬರುತ್ತದೆ. ಹಿರಿಯರು ಹೇಳಿಯಾದ ಮೇಲೆ ಕಿರಿಯರು ಬೇರೆ ಮಾತು ಹೇಳಲು ಹಿಂಜರಿಯುವುದು ನಮ್ಮ ಮನೆಗಳಲ್ಲಿ ಇರುವ ಪದ್ಧತಿಯೇ ಅಲ್ಲವೆ?

ಹತ್ತನೆಯ ತರಗತಿಯ ಮಕ್ಕಳಿಗೆ ಚರ್ಚೆ ಕಲಿಸುವಾಗ ನಾನು ಎರಡು ಅಭ್ಯಾಸಗಳನ್ನು ಇಟ್ಟುಕೊಂಡಿದ್ದೇನೆ. ಒಂದು, ಯಾರು ಯಾವ ಪಕ್ಷವೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡುವುದು. ತನಗೆ ಇಷ್ಟವಿಲ್ಲದ ಪಕ್ಷಕ್ಕೆ ಕಾರಣ ಹುಡುಕಹೊರಟ ಮಕ್ಕಳು ಎದುರಿನವರು ಮೂರ್ಖರಲ್ಲವೆಂದು ತಾವೇ ಕಂಡುಕೊಳ್ಳುತ್ತಾರೆ. ಇನ್ನೊಂದು, ಉತ್ತರ ಕೊಡುವ ಮೊದಲು ಎದುರಾಳಿಯ ಮಾತನ್ನು ತನ್ನ ಮಾತಿನಲ್ಲಿ ಹೇಳಿ, 'ಹೌದು, ನಾನು ಹೇಳಿದ್ದು ಇದೇ' ಎಂದು ಅವರಿಂದ ಒಪ್ಪಿಗೆ ಪಡೆಯುವುದು. ಮೊದಮೊದಲು ಇದಕ್ಕೆ ಹೊತ್ತು ಹಿಡಿಯುತ್ತದೆ. ಆಮೇಲೆ, ಅರ್ಧಕ್ಕರ್ಧ ವಿವಾದ ಮಾತು ತಪ್ಪಾಗಿ ಕೇಳಿಸಿದ್ದರಿಂದಲೇ ಹುಟ್ಟಿತ್ತೆಂದು ಮಕ್ಕಳಿಗೆ ತಿಳಿಯುತ್ತದೆ. ದೊಡ್ಡವರ ಸಭೆಯಲ್ಲಿ ಚೀಟಿ ಎತ್ತುವುದು ಆಗದ ಮಾತು. ಎರಡನೆಯ ಅಭ್ಯಾಸಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಕೊನೆಯದು ಮತ. ಒಂದೇ ಸಲ ಮತ ಎಣಿಸಿದರೆ ಯಾರು ಹೆಚ್ಚು ಜನರನ್ನು ಕರೆತಂದರೆಂಬುದಷ್ಟೇ ತಿಳಿಯುತ್ತದೆ. ಸಭೆಯ ಆರಂಭದಲ್ಲಿ ಒಮ್ಮೆ, ಮುಕ್ತಾಯದಲ್ಲಿ ಒಮ್ಮೆ ಚೀಟಿಯ ಮೇಲೆ ಬರೆಸಿಕೊಂಡರೆ, ಎಷ್ಟು ಮಂದಿ ಮಾತು ಕೇಳಿ ಮನಸ್ಸು ಬದಲಾಯಿಸಿದರೆಂಬುದು ಗೊತ್ತಾಗುತ್ತದೆ. ಮೂವರು ಆಚೆಯಿಂದ ಈಚೆಗೆ, ಇಬ್ಬರು ಈಚೆಯಿಂದ ಆಚೆಗೆ ಬಂದರೂ ಆ ಸಂಜೆ ಸಾರ್ಥಕ. ಚರ್ಚಾಕೂಟದ ಮತ ಸರ್ಕಾರದ ಆಜ್ಞೆಯಲ್ಲ, ಯಾರ ಪ್ರತಿಜ್ಞೆಯೂ ಅಲ್ಲ ಎಂಬುದನ್ನೂ ಅಧ್ಯಕ್ಷರು ತಿಳಿಸಬೇಕು. 1933ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಸಂಘ, ರಾಜನಿಗಾಗಿ ದೇಶಕ್ಕಾಗಿ ಯಾವ ಸಂದರ್ಭದಲ್ಲೂ ಯುದ್ಧಮಾಡೆವೆಂಬ ಗೊತ್ತುವಳಿಯನ್ನು 275ಕ್ಕೆ 153 ಮತಗಳಿಂದ ಅಂಗೀಕರಿಸಿದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. ಅದನ್ನು ದಾಖಲೆಯಿಂದ ತೆಗೆದುಹಾಕಬೇಕೆಂಬ ಸಲಹೆಯನ್ನು ಅದೇ ಸಂಘ ಮುಂದಿನ ತಿಂಗಳು ಭಾರಿ ಬಹುಮತದಿಂದ ತಳ್ಳಿಹಾಕಿತು. ಕ್ರಮಬದ್ಧವಾಗಿ ನಡೆದ ಚರ್ಚೆಯ ಫಲ ಹಿತವಾಗಿರಲಿ ಬಿಡಲಿ, ಅದನ್ನು ಅಳಿಸುವುದು ಸಲ್ಲದೆಂಬುದು ಅವರ ನಿಲುವು.

ಸಭೆ ಮುಗಿಯುವ ಮುನ್ನ ಒಂದು ಸಂಪ್ರದಾಯವನ್ನು ಬೆಳೆಸಬಹುದು. ವಂದನಾರ್ಪಣೆಗೆ ಮೊದಲು ಎರಡು ಪಕ್ಷದ ಮುಖ್ಯಸ್ಥರೂ ಎದ್ದುನಿಂತು, ಎದುರಿನವರು ಹೇಳಿದ ಮಾತುಗಳಲ್ಲಿ ತಮಗೆ ಅತ್ಯಂತ ಭಾರವಾಗಿ ಕಂಡದ್ದು ಯಾವುದೆಂದು ಒಂದೊಂದು ವಾಕ್ಯದಲ್ಲಿ ಹೇಳಲಿ. ಬೇಸಗೆಯ ಮಧ್ಯಾಹ್ನ ಹೂವಾಡಗಿತ್ತಿಗೆ ನೆರಳಿಲ್ಲವಾಗುವುದು ಅಂಗಡಿಯವರ ಬಾಯಿಂದ ಬರಲಿ. ಗಾಡಿ ಸಿಕ್ಕಿಕೊಂಡು ಬಸುರಿ ಹೆಂಗಸು ಆಸ್ಪತ್ರೆಗೆ ತಡವಾಗಬಹುದೆಂಬುದು ಮರ ಉಳಿಸಬೇಕೆನ್ನುವವರ ಬಾಯಿಂದ ಬರಲಿ. ಆಗ ಬೀದಿಯ ವಿಷಯದಲ್ಲಿ ಏನೇ ತೀರ್ಮಾನವಾದರೂ, ಮರುದಿನ ಬೆಳಿಗ್ಗೆ ಆ ಬೀದಿಯಲ್ಲಿ ಎದುರುಬದುರಾದವರು ಮುಖ ತಿರುಗಿಸಿಕೊಂಡು ಹೋಗುವ ಕಾರಣವಿರುವುದಿಲ್ಲ.